ಮೊದಲು ಬ್ಯಾಡ ಅನ್ನೋರನ್ನ ಕರ್ಕಂಡು ಬರ್ರಿ

ದೂರದ ಗುಡ್ಡದ ಮೇಲಿನ ಗಾಳಿಯಂತ್ರಗಳು ಇನ್ನೂ ಅರ್ಧ ಮಂಜಿನಲ್ಲಿವೆ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿ, ಊರಾಚೆಯ ಕುರಿರೊಪ್ಪದ ಮುಂದೆ, ಎಳೆಗರುವಿನಂಥ ನಾಯಿಯೊಂದು ಮುಂಗಾಲೆರಡನ್ನೂ ಗಾಳಿಗೆತ್ತಿ ಹಗ್ಗ ಜಗ್ಗುತ್ತಿದೆ. ಹಗ್ಗದ ಈ ತುದಿ ಹಿಡಿದಿರುವ ಹೆಂಗಸು ಅದರ ಕಡೆ ನೋಡುತ್ತಲೂ ಇಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು, ಕಾಲು ಅಗಲಿಸಿ ನಿಂತು, ಕೆರೆ ಏರಿಯ ಕಡೆಯಿಂದ ಏದುಸಿರು ಬಿಡುತ್ತ ಬರುತ್ತಿರುವ ಗಂಡ ಹೆಂಡತಿಯನ್ನು ನೋಡಿ ನಗುತ್ತಿದ್ದಾರೆ.

"ಏನಪ್ಪ ವಿನೋದ, ಉಸಿರು ಹಿರಿಯೂರಲ್ಲೇ ಮರ್ತು ಬಂದ್ಯಾ?"

"ಇಲ್ಲಮ್ಮ... ಒಂಚೂರು ಕುಂತ್ಕಂತೀನಿ."

"ಕುಂತ್ಕ ಕುಂತ್ಕ. ಅವನು ಕುಂತ್ಕಳಲ್ಲ ನೋಡು. ಅವನಿಗೆ ಇದಿನ್ನೂ ಶುರು."

ಈ ಹೆಂಗಸಿನ ಹೆಸರು ಬರಗೇರಮ್ಮ. ಹುಟ್ಟಿದ್ದು, ಬೆಳೆದಿದ್ದು, ಮದುವೆಯಾಗಿದ್ದು ಎಲ್ಲ ಕುರಿಗಳ ನಡುವೆಯೇ. ಈಗ ಕುರಿಯ ಜತೆಗೆ ಇನ್ನೊಂದು ಕೆಲಸವೂ ಅವರ ಕೈ ಸೇರಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಮನೆಗಳಲ್ಲಿ ದೊಡ್ಡ ಜಾತಿಯ, ಒಂದು ಗಳಿಗೆ ಸುಮ್ಮನಿರದ ನಾಯಿ ಸಾಕಬೇಕೆಂದು ಯಾರಿಗೆ ಆಸೆ ಹುಟ್ಟಿದರೂ, ಬಲ್ಲವರು ಮೊದಲು ಹರಿಯಬ್ಬೆಗೆ ಕಳಿಸುತ್ತಾರೆ. ಆ ಮನೆಗೆ ಆ ನಾಯಿ ಹೊಂದುತ್ತದೋ ಇಲ್ಲವೋ ಎಂದು ನೋಡಿ ಹೇಳುವುದು ಬರಗೇರಮ್ಮನ ಕೆಲಸ. ಈ ಕೆಲಸಕ್ಕೆ ಒಂದು ಹೆಸರೂ ಇಲ್ಲ, ಬಾಗಿಲಿಗೆ ಬೋರ್ಡೂ ಇಲ್ಲ. ಬಂದವರು ನುಚ್ಚಕ್ಕಿಯೋ ರಾಗಿ ಹಿಟ್ಟೋ ತಂದುಕೊಡುತ್ತಾರೆ, ರೊಪ್ಪದ ಪಕ್ಕ ಕಟ್ಟಿರುವ ನಾಲ್ಕಾರು ನಾಯಿಗಳ ಹೊಟ್ಟೆಗೆ ಅದು ಆಗುತ್ತದೆ.

ವಿನೋದ್‌ಗೆ ಹಿರಿಯೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಹೊಸ ಶೂ ಹಾಕಿಕೊಂಡು ಮೂರು ದಿನದಿಂದ ಬೆಳಿಗ್ಗೆ ಬರುತ್ತಿದ್ದಾನೆ. ಹೆಂಡತಿ ಶಾಲಿನಿ ಮಾತ್ರ ದಿನವೂ ಹತ್ತು ಮಾರು ದೂರದಲ್ಲೇ ನಿಲ್ಲುತ್ತಾಳೆ.

"ನೀನ್ಯಾಕವ್ವ ಅಷ್ಟು ದೂರ?"

"ನಂಗೆ ಬೇಡ ಅಂತ ಮೊದ್ಲೇ ಹೇಳಿದೀನಿ ಅಮ್ಮ. ಬೇಕಾಗಿರೋದು ಇವರಿಗೆ."

ಬರಗೇರಮ್ಮನ ಮುಖ ಅರಳುತ್ತದೆ. "ಹಂಗಾದ್ರೆ ನಾನು ಮಾತಾಡ್ಬೇಕಾಗಿರೋದು ನಿನ್ನ ಹತ್ರ. ಬಾ ಇಲ್ಲಿ, ಹಗ್ಗ ಹಿಡಿ. ಹೆದರ್ಬ್ಯಾಡ, ಇನ್ನೊಂದು ಕಡೆ ನಾನೂ ಹಿಡ್ಕಂಡಿರ್ತೀನಿ."

ಇಬ್ಬರೂ ಹೆಂಗಸರು ಹಗ್ಗ ಹಿಡಿದು ಏರಿಯುದ್ದಕ್ಕೂ ನಡೆಯುತ್ತಾರೆ. ದಾರಿಯಲ್ಲಿ ಶಾಲಿನಿಯ ಬಾಯಿಂದ ಎಲ್ಲವೂ ಬರುತ್ತದೆ. ಮನೆ ಮೊದಲ ಮಹಡಿಯಲ್ಲಿ, ಮೆಟ್ಟಿಲು ಕಡಿದು. ಮಾಲು ತರಲು ಗಂಡ ದಾವಣಗೆರೆಗೆ ಹೋದರೆ ರಾತ್ರಿಯೇ ಬರೋದು. ಅವಳು ಶಾಲೆಯಲ್ಲಿ ಟೀಚರ್. ಮಗಳಿಗೆ ಇನ್ನೂ ಮೂರನೇ ಕ್ಲಾಸು. ಎಲ್ಲ ಕೇಳಿಕೊಂಡು ವಾಪಸು ಬಂದ ಬರಗೇರಮ್ಮ ವಿನೋದ್‌ನ ಪಕ್ಕ ಕಲ್ಲಿನ ಮೇಲೆ ಕೂರುತ್ತಾರೆ.

"ನಿನ್ ಮಗಳು ಕಾಲೇಜು ಸೇರೋ ತನಕ ಈ ನಾಯಿ ಇರ್ತೈತೆ ಕಣಪ್ಪ. ಅಷ್ಟು ವರ್ಷ ದಿನಾ ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಮಳೆ ಬಂದ್ರೂ, ಜ್ವರ ಬಂದ್ರೂ, ನೆಂಟ್ರು ಬಂದ್ರೂ. ಯಾರು ಹೋಗ್ತೀರ?"

ವಿನೋದ್ ಹೆಂಡತಿಯ ಮುಖ ನೋಡುತ್ತಾನೆ. ಶಾಲಿನಿ ಗುಡ್ಡ ನೋಡುತ್ತಾಳೆ.

"ಬ್ಯಾಡ ಬಿಡು. ಬ್ಯಾಸ್ರ ಮಾಡ್ಕಬ್ಯಾಡ. ಭಾನುವಾರ ಬಾ, ಓಡಾಡ್ಸು, ಕೈಗೆ ಕೊಟ್ಟು ಹೋಗು. ಆಸೆನೂ ತೀರ್ತೈತೆ, ಹೆಂಡ್ತಿನೂ ಉಳೀತಾಳೆ."

ಶಾಲಿನಿ ಮೊದಲ ಬಾರಿಗೆ ಗಟ್ಟಿಯಾಗಿ ನಗುತ್ತಾಳೆ. ಹೀಗೆ ನಾಯಿ ಇಲ್ಲದೆ ಮನೆಗೆ ಹೋಗುವವರೇ ಇಲ್ಲಿ ಹೆಚ್ಚು. "ಅದೂ ನನ್ ಕೆಲಸನೇ ಅಲ್ವಾ? ಇವತ್ತು ಮುದ್ದು ಮಾಡಿ ಆರು ತಿಂಗಳಿಗೆ ಹೊರಗೆ ಬಿಟ್ರೆ, ಅದಕ್ಕೆ ಗೊತ್ತಾಗ್ತೈತಾ ತಾನೇನು ತಪ್ಪು ಮಾಡ್ದೆ ಅಂತ?" ಎನ್ನುತ್ತಾರೆ ಬರಗೇರಮ್ಮ.

ಈ ಕೆಲಸ ಅವರಿಗೆ ಅಂಟಿಕೊಂಡ ಬಗೆಯೇ ಒಂದು ಕಥೆ. ವರ್ಗವಾಗಿ ಹೋಗುತ್ತಿದ್ದ ಅಧಿಕಾರಿಯೊಬ್ಬರು ಒಂದು ವಾರದ ಮಟ್ಟಿಗೆ ಎಂದು ಹೇಳಿ ತಮ್ಮ ಡಾಬರ್‌ಮನ್ ನಾಯಿಯನ್ನು ಹರಿಯಬ್ಬೆಯಲ್ಲಿ ಬಿಟ್ಟರು. ಆ ವಾರ ಮುಗಿಯಲೇ ಇಲ್ಲ. ಆಮೇಲೆ ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಹಿರಿಯೂರಿನ ಪಶು ಆಸ್ಪತ್ರೆಯಲ್ಲಿ ಅಟೆಂಡರ್ ಆಗಿರುವ ಗೊಲ್ಲಪ್ಪ ಇದನ್ನೆಲ್ಲ ನೋಡುತ್ತಿದ್ದರು. ಒಂದು ದಿನ ಅವರೇ ಬಂದು ಹೇಳಿದರು: "ಅಕ್ಕ, ಬೇಡಾದ ನಾಯಿ ಇಟ್ಕಳೋದು ಆಮೇಲಿರ್ಲಿ. ತಗಳೋಕೆ ಮುಂಚೆನೇ ಜನನ್ನ ನಿನ್ನ ಹತ್ರ ಕಳಿಸ್ತೀನಿ. ನೀನು ಬೈದು ಕಳ್ಸು."

ಬರಗೇರಮ್ಮ ಬೈಯುವುದಿಲ್ಲ. ಅವರದು ಒಂದೇ ಪ್ರಶ್ನೆ: ಮನೆಯಲ್ಲಿ ಬೇಡ ಅನ್ನುವವರು ಯಾರು? ಅವರನ್ನು ಕರೆತರಬೇಕು, ಹಗ್ಗ ಅವರ ಕೈಗೆ ಹೋಗಬೇಕು. ಇದು ಅವರ ಅತ್ತೆಯ ಕಾಲದಿಂದ ಬಂದ ಪದ್ಧತಿ. ಕುರಿ ಮೇಯಿಸುತ್ತ ಊರೂರು ತಿರುಗುವಾಗ ಯಾರಾದರೂ ಗಂಡಸರು ನಾಯಿಮರಿ ಎತ್ತಿಕೊಂಡು ಬಂದರೆ, ಒಲೆಯ ಮುಂದೆ ಕೂತ ಹೆಂಗಸು ಬೇಡ ಎಂದೇ ಅನ್ನುತ್ತಿದ್ದಳು. ಅತ್ತೆ ಆಗ ಮರಿಯನ್ನು ಅವಳ ಮಡಿಲಿಗೇ ಹಾಕಿ ನಾಲ್ಕು ದಿನ ಕಾಯುತ್ತಿದ್ದಳು. ಅವಳಿಗೆ ಆಗಲ್ಲ ಅಂದರೆ ಮರಿ ವಾಪಸು.

"ಬೇಕು ಅನ್ನೋರ ಕಣ್ಣಿಗೆ ನಾಯಿ ಕಾಣ್ತೈತೆ. ಬ್ಯಾಡ ಅನ್ನೋರ ಕಣ್ಣಿಗೆ ಕೆಲಸ ಕಾಣ್ತೈತೆ" ಎನ್ನುತ್ತಾರೆ ಬರಗೇರಮ್ಮ. "ಎಲ್ರೂ ಬೇಕು ಅಂತಾರೆ ಅಂತ ಯಾರಾದ್ರೂ ಹೇಳಿದ್ರೆ ನಂಗೆ ಇನ್ನೂ ಭಯ. ಯಾರೋ ಒಬ್ರು ಬಾಯಿ ಮುಚ್ಕಂಡವ್ರೆ ಅಂತ ಅರ್ಥ."

ವಿನೋದ್ ದಂಪತಿಯ ಬೈಕು ಮರೆಯಾಗುವಷ್ಟರಲ್ಲಿ ರೊಪ್ಪದ ಒಳಗಿನಿಂದ ಗಂಡ ಮಾರಣ್ಣನ ದನಿ.

"ಇವರಿಗೂ ಕೊಡ್ಲಿಲ್ವಾ? ಕುರಿ ಈಯೋಕೆ ಬಂದವೆ ಕಣೇ. ಈ ವಾರದಾಗೆ ಅವನು ಹೋಗ್ಬೇಕು ಅಷ್ಟೆ."

"ಹೋಗ್ತಾನೆ ಇರು."

"ಎಲ್ಲಿಗೆ? ನಿಮ್ಮಪ್ಪನ ಮನೆಗಾ?"

ಮಾತು ಆ ನಾಯಿಯದು. ಹೆಸರು ಸುಲ್ತಾನ. ಜರ್ಮನ್ ಶೆಫರ್ಡ್. ಚಿತ್ರದುರ್ಗದ ಒಂದು ಮನೆಯವರು ಮಗಳ ಹುಟ್ಟುಹಬ್ಬಕ್ಕೆಂದು ಮರಿ ತಂದರು. ಅವನು ಮೊದಲು ಸೋಫಾ ತಿಂದ, ಆಮೇಲೆ ಬಾಗಿಲ ಚೌಕಟ್ಟು ತಿಂದ. ಅಲ್ಲಿಂದ ಹೊಸದುರ್ಗದ ಬಟ್ಟೆ ವ್ಯಾಪಾರಿಯೊಬ್ಬರ ಮನೆಗೆ ಹೋದ. ಅವರ ಕಾಂಪೌಂಡು ಊರಗಲ. ಆದರೆ ಅವನ ಜತೆ ಹೊರಗೆ ಬರುವವರು ಒಬ್ಬರೂ ಇಲ್ಲ. ಒಬ್ಬನೇ ಇದ್ದು ಇದ್ದು ಗಿಡಗಳ ಬುಡವನ್ನೆಲ್ಲ ಅಗೆದ, ಗೋಡೆ ಹಾರಿದ, ಹಾಲಿನವನನ್ನು ಸೈಕಲ್ ಸಮೇತ ಕೆಡವಿದ. ಕಚ್ಚಲಿಲ್ಲ. ಆಟಕ್ಕೆ ಕರೆದಿದ್ದು ಅಷ್ಟೆ. ಹಾಲಿನವನಿಗೆ ಅದು ತಿಳಿಯುವುದು ಹೇಗೆ?

ಎರಡು ಮನೆ ಬಿಟ್ಟು ಬಂದವನನ್ನು ಬರಗೇರಮ್ಮ ಬಹಳ ಖುಷಿಯಿಂದ ಇಟ್ಟುಕೊಂಡರು. ಕಾರಣ, ಅವರದೇ ಮಗಳು ಹೇಳಿದ ಒಂದು ಮಾತು: ಇಂಗ್ಲಿಷಿನಲ್ಲಿ ಶೆಫರ್ಡ್ ಅಂದರೆ ಕುರಿ ಕಾಯುವವನು.

"ನಮ್ಮ ಕಸುಬಿನೋನೇ ಬಂದ ಅಂದ್ಕಂಡೆ ಕಣ್ರಿ. ದೂರದ ಊರಿನೋನಾದ್ರೇನು, ಕುರಿ ಕುರಿನೇ ತಾನೇ? ಮಾರನೇ ದಿನನೇ ಮಂದೆ ಜತೆಗೆ ಬಿಟ್ಟೆ."

ಆ ದಿನ ಏನಾಯಿತು ಎಂದು ಕೇಳಿದರೆ ಮಾರಣ್ಣ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ. "ಕಚ್ಲಿಲ್ಲ, ಬೊಗಳ್ಲಿಲ್ಲ. ಇಡೀ ಮಂದೆನ ಒಂದು ಮೂಲೆಗೆ ಒತ್ತಿ, ಸುತ್ತ ಸುತ್ತ ತಿರುಗ್ತಾ ನಿಂತ. ಒಂದು ಕುರಿ ಹುಲ್ಲಿಗೆ ಬಾಯಿ ಹಾಕೋಕೆ ಹೋದ್ರೂ ತಳ್ಕಂಡು ಬರ್ತಾನೆ. ಸಾಯಂಕಾಲದ ತನಕ ಹಂಗೇ! ಕಾವಲು ಅಂದ್ರೆ ಕಾವಲು. ಮೇಯೋಕೆ ಮಾತ್ರ ಬಿಡಲ್ಲ."

ಬರಗೇರಮ್ಮ ಅದಕ್ಕೊಂದು ಮದ್ದು ಕಂಡುಕೊಂಡರು: ದಣಿಸುವುದು. ಬೆಳಿಗ್ಗೆ ಕೆರೆ ಏರಿ, ಅಲ್ಲಿಂದ ಗುಡ್ಡದ ಬುಡ, ಸಂಜೆ ಮತ್ತೆ ಅದೇ. ದಣಿಯಲಿಲ್ಲ ಅಂತ ಇನ್ನಷ್ಟು ದೂರ. ಓಡಿಸಿದಷ್ಟೂ ಅವನ ತೊಡೆ ಗಟ್ಟಿಯಾಯಿತು, ಎದೆ ಅಗಲವಾಯಿತು, ಮಧ್ಯಾಹ್ನಕ್ಕೆ ಮತ್ತೆ ಹಗ್ಗ ಕಡಿಯಲು ತಯಾರು. ಹಗಲಲ್ಲಿ ಅವನು ಕಣ್ಣು ಮುಚ್ಚಿದ್ದನ್ನು ಹರಿಯಬ್ಬೆಯಲ್ಲಿ ಯಾರೂ ನೋಡಿರಲಿಲ್ಲ.

ಈ ನಡುವೆ ಒಂದು ಕರೆ ಬಂದಿದೆ. ಹೊಸದುರ್ಗದ ಕಡೆ ಕಲ್ಲು ಕ್ರಷರ್ ನಡೆಸುವ ಯತ್ತಪ್ಪ ಕಾವಲಿಗೆ ದೊಡ್ಡ ನಾಯಿ ಹುಡುಕುತ್ತಿದ್ದಾರೆ. ಕೆಟ್ಟವರೇನಲ್ಲ. ಹೊಟ್ಟೆಗೆ ಕಮ್ಮಿ ಮಾಡಲ್ಲ ಎಂದು ಮಾತು ಕೊಟ್ಟಿದ್ದಾರೆ. ಆದರೆ ಲಾರಿಗಳು ಓಡಾಡುವ ಜಾಗ, ಹಗಲೆಲ್ಲ ಸರಪಣಿ. ಸೋಮವಾರದೊಳಗೆ ಉತ್ತರ ಬೇಕು.

"ಇವನು ಸರಪಣಿಯಾಗೇ ಇದ್ರೆ ಮನುಷ್ಯರನ್ನ ಕಂಡ್ರೆ ಆಗದಂಗೆ ಆಗ್ತಾನೆ. ಈಗ ನಗ್ತಾನಲ್ಲ, ಆ ನಗು ಹೋಗ್ತೈತೆ" ಎಂದು ಬರಗೇರಮ್ಮ ಗಂಡನ ಹತ್ತಿರ ಹೇಳಿ ನೋಡಿದರು. ಮಾರಣ್ಣ ಸುಮ್ಮನೆ ಗಬ್ಬದ ಕುರಿಗಳ ಕಡೆ ಕೈ ತೋರಿಸಿದರು.

ಮೋನಿಕಾ ಬಂದಿದ್ದು ಆ ಭಾನುವಾರ. ಹೊಳಲ್ಕೆರೆಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್, ಖೋಖೋ ತಂಡ ಕಟ್ಟುವವಳು. ಮೊದಲ ಬಸ್ಸಿಗೇ ಹೊರಟು ಬಂದವಳು ಸುಲ್ತಾನನ ಹಗ್ಗ ಹಿಡಿದು ಏರಿಯ ಮೇಲೆ ಓಡಿದಳು. ಅವಳು ಅವನನ್ನು ಓಡಿಸಿದಳೋ, ಅವನು ಅವಳನ್ನು ಓಡಿಸಿದನೋ, ವಾಪಸು ಬಂದಾಗ ಇಬ್ಬರ ಬಾಯಲ್ಲೂ ನಗು.

"ಇವನು ನಂಗೆ ಬೇಕಮ್ಮ. ದಿನಾ ಬೆಳಿಗ್ಗೆ ಗ್ರೌಂಡಿಗೆ ಹೆಂಗೂ ಹೋಗ್ತೀನಿ."

"ಕಾಲೇನೋ ಹೊಂದ್ತವೆ. ಮನೇಲಿ ಬ್ಯಾಡ ಅನ್ನೋರು ಯಾರು?"

ಮೋನಿಕಾ ತಲೆ ಕೆರೆದುಕೊಂಡಳು. "ನಮ್ಮತ್ತೆ. ಅವರು ಬರಲ್ಲ. ಮಂಡಿ ನೋವು."

"ಹಂಗಾದ್ರೆ ನಾವೇ ಹೋಗಾಣ."

ಗೂಡ್ಸ್ ಆಟೋ ಒಂದನ್ನು ಗೊತ್ತು ಮಾಡಿ, ಮೋನಿಕಾಳನ್ನು ಮುಂದೆ ಕೂರಿಸಿ, ಹಿಂದೆ ಸುಲ್ತಾನನ ಪಕ್ಕ ತಾವೇ ಕೂತು, ಬರಗೇರಮ್ಮ ಹೊಳಲ್ಕೆರೆ ತಲುಪುವಾಗ ಬಿಸಿಲು ನೆತ್ತಿಗೇರಿದೆ. ಮೋನಿಕಾಳ ಅತ್ತೆ ಹನುಮಮ್ಮ ಜಗುಲಿಯ ಮೇಲೆ ಕುರ್ಚಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾರೆ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸಿ, ಬಡಿಸಿ, ಈಗ ವಯಸ್ಸಾಯಿತೆಂದು ಬಿಟ್ಟವರು. ಆಟೋ ನಿಂತಿದ್ದೇ ತಡ, ಸುಲ್ತಾನ ಬರಗೇರಮ್ಮನನ್ನೂ ಎಳೆದುಕೊಂಡು ಕೆಳಗೆ ಹಾರುತ್ತಾನೆ. ಎರಡೇ ನೆಗೆತಕ್ಕೆ ಜಗುಲಿ. ಮೊರ ಒಂದು ಕಡೆ, ಅಕ್ಕಿ ಅಂಗಳದ ತುಂಬ.

"ಲೇ! ಸಾಲಿಗೆ ಕುಂತ್ಕಳೋ!"

ಬೀದಿ ತುದಿಯ ತನಕ ಕೇಳುವ ದನಿ. ಸುಲ್ತಾನ ಕಿವಿ ಹಿಂದಕ್ಕೆ ಮಡಚಿ ಧೊಪ್ಪನೆ ಕುಂತುಬಿಡುತ್ತಾನೆ. ಎದುರು ಮನೆಯ ಮುಂದೆ ಸ್ಕೂಟರ್ ತೊಳೆಯುತ್ತಿದ್ದ, ಅವರ ಕೈಯೂಟ ತಿಂದೇ ಬೆಳೆದ ಯುವಕನೊಬ್ಬ ಪೈಪು ಕೆಳಗಿಟ್ಟು ನೆಟ್ಟಗೆ ನಿಲ್ಲುತ್ತಾನೆ.

ಬರಗೇರಮ್ಮನಿಗೆ ನಗು ಬಂತು. ಆದರೂ ಪದ್ಧತಿ ಪದ್ಧತಿಯೇ. ಹಗ್ಗದ ತುದಿ ಮುಂದೆ ಚಾಚಿದರು.

"ಹಿಡೀರಿ ಅಮ್ಮ."

"ನಾನಾ? ಏನವ್ವ, ಮಂಡಿ ನೋಡು ನಂದು. ನಿನ್ ಕುದ್ರೆ ಒಂದ್ಸಲ ಜಗ್ಗಿದ್ರೆ ನಾನು ಮಾರ್ಕೆಟ್ ಯಾರ್ಡಿನ ತನಕ ಜಾರ್ಕಂಡು ಹೋಗ್ತೀನಿ. ಆಗಲ್ಲ ಕಣವ್ವ. ಕರ್ಕಂಡು ಹೋಗು."

ಅಲ್ಲಿಗೆ ಮುಗಿಯಿತು. ಬೇಡ ಅಂದವರಿಗೆ ಹಗ್ಗ ಹಿಡಿಯಲು ಆಗದಿದ್ದರೆ ನಾಯಿ ವಾಪಸು. ಎಷ್ಟೋ ಮನೆಗಳ ಬಾಗಿಲಲ್ಲಿ ಬರಗೇರಮ್ಮ ಹೀಗೇ ತಿರುಗಿ ಹೊರಟಿದ್ದಾರೆ. ಮೋನಿಕಾಳ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿಯೂ ನೋಡದಂತೆ ಆಟೋ ಕಡೆ ತಿರುಗಿದರು.

"ಎಲ್ಲಿಗೆ ಕರ್ಕಂಡು ಹೋಗ್ತೀಯ ಇವನ್ನ?" ಹಿಂದಿನಿಂದ ಹನುಮಮ್ಮ.

"ಕಲ್ಲು ಕ್ರಷರ್‌ಗೆ ಕೇಳವ್ರೆ."

"ಅಲ್ಲೇನ್ ಮಾಡ್ತಾನೆ?"

"ಹಗಲೆಲ್ಲ ಸರಪಣಿ. ಇನ್ನೇನ್ ಮಾಡ್ತಾನೆ?"

ಹನುಮಮ್ಮ ಕೂತಿದ್ದ ನಾಯಿಯನ್ನು ಒಮ್ಮೆ ನೋಡಿದರು. ಆಮೇಲೆ ಅಂಗಳದ ಕಡೆ ಕೈ ತೋರಿಸಿದರು. "ಹೋಗೋದು ಆಮೇಲೆ. ಈ ಅಕ್ಕಿ ಚೆಲ್ಲಿದ್ಯಾರು? ಎತ್ತೋ ತನಕ ಅವನು ಅಲ್ಲೇ ಕುಂತಿರ್ಬೇಕು. ಚೆಲ್ಲಿ ಓಡಿ ಹೋಗೋದು ನಮ್ಮಲ್ಲಿಲ್ಲ."

ಮೋನಿಕಾ, ಬರಗೇರಮ್ಮ ಇಬ್ಬರೂ ಬಗ್ಗಿ ಅಕ್ಕಿ ಬಳಿಯತೊಡಗಿದರು. ಸುಲ್ತಾನ ಏಳಲು ನೋಡಿದ. ಹನುಮಮ್ಮ "ಊಂ?" ಅಂದರು. ಕುಂತ. ಗುಬ್ಬಿಯೊಂದು ಬಂದು ಅವನ ಮೂಗಿನ ಮುಂದೆಯೇ ಅಕ್ಕಿ ಹೆಕ್ಕಿತು. ಅವನ ಮೈಯೆಲ್ಲ ಅದುರಿತು, ಬಾಲ ನೆಲ ಗುಡಿಸಿತು, ಕಣ್ಣು ಮಾತ್ರ ಹನುಮಮ್ಮನ ಮುಖ ಬಿಡಲಿಲ್ಲ. "ಹಂಗೆ. ಜಾಣ. ಇನ್ನೊಂಚೂರು" ಎನ್ನುತ್ತ ಅವರು ಕುರ್ಚಿಯಲ್ಲೇ ಕೂತು ಕಾದರು. ಕೊನೆಯ ಹಿಡಿ ಮೊರ ಸೇರಿದ ಮೇಲೆ "ಊಂ, ಏಳು ಈಗ" ಅಂದರೂ ಅವನು ಏಳಲಿಲ್ಲ. ಮುಂಗಾಲಿನ ಮೇಲೆ ಗದ್ದ ಇಟ್ಟು, ದೊಡ್ಡದೊಂದು ನಿಟ್ಟುಸಿರು ಬಿಟ್ಟು, ನಡು ಹಗಲಲ್ಲಿ, ಬೀದಿಯ ಗದ್ದಲದಲ್ಲಿ, ಮಲಗಿಯೇಬಿಟ್ಟ.

ಅದನ್ನು ಹೇಳುವಾಗ ಬರಗೇರಮ್ಮ ಈಗಲೂ ಎದ್ದು ನಿಂತು, ಕೈಯಲ್ಲಿ ಅವನು ಮಲಗಿದ ಬಗೆ ತೋರಿಸುತ್ತಾರೆ. "ಮೂರು ತಿಂಗಳು ಗುಡ್ಡ ಸುತ್ತಿಸಿದ್ನಲ್ಲ ನಾನು! ಕಾಲು ದಣಿಸ್ದೆ, ಅವನು ಪೈಲ್ವಾನ ಆದ. ಆಯಮ್ಮ ಕುರ್ಚಿ ಬಿಟ್ಟು ಏಳ್ದಂಗೆ ತಲೆ ದಣಿಸ್ತು. ಹಗ್ಗ ಯಾರಿಗೆ ಬೇಕಿತ್ತು ಅಲ್ಲಿ?"

ಆದರೂ ಅವತ್ತೇ ಕೊಡಲಿಲ್ಲ. ಒಂದು ದಿನದ ಮಾತು ನಂಬುವವರಲ್ಲ ಅವರು. ಎತ್ತು ಎರವಲು ಕೊಡುವ ಹಾಗೆ ಹದಿನೈದು ದಿನಕ್ಕೆ ನಾಯಿ ಎರವಲು. ಅಷ್ಟು ದಿನಕ್ಕೆ ಹನುಮಮ್ಮನೂ ಹೂಂ ಅಂದರು. ಯತ್ತಪ್ಪನಿಗೆ ಫೋನ್ ಮಾಡಿ, ಇನ್ನೊಂದು ಹದಿನೈದು ದಿನ ತಡೀರಿ ಎಂದು ಕೇಳಿಕೊಂಡರು. ಅವರು ಒಪ್ಪಿದ್ದೇ ಹೆಚ್ಚು.

ಆ ಹದಿನೈದು ದಿನಗಳಲ್ಲಿ ಎಲ್ಲವೂ ಹೂವಿನ ಹಾಗೆ ನಡೆಯಿತು ಎಂದೇನಿಲ್ಲ. ಎರಡು ಜತೆ ಚಪ್ಪಲಿ ಹೋದವು. ಕೂದಲು ಸಾರಿನಲ್ಲೂ ಸಿಕ್ಕಿತು. ಬಾಲ ತಾಗಿ ಕಾಫಿ ಲೋಟ ಉರುಳಿತು. ಒಂದು ಬೆಳಿಗ್ಗೆ ಮೋನಿಕಾಗೆ ಮೈ ಹುಷಾರಿಲ್ಲದೆ ಗ್ರೌಂಡು ತಪ್ಪಿದಾಗ ಅವನು ಹಿತ್ತಲಲ್ಲಿ ಮೊಳಕಾಲಾಳದ ಗುಂಡಿ ತೋಡಿದ. ಹನುಮಮ್ಮ ದಿನಕ್ಕೊಂದು ಬಾರಿ ಹರಿಯಬ್ಬೆಗೆ ಫೋನ್ ಮಾಡಿ ಬೈದರು. ಬರಗೇರಮ್ಮ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಕೇಳಿದರು. ಬೈಗುಳ ದಿನೇ ದಿನೇ ಉದ್ದವಾಯಿತು, ಆದರೆ ಅದರೊಳಗೆ ಬೇರೆ ಮಾತುಗಳು ಸೇರತೊಡಗಿದವು. "ಇವತ್ತು ತರಕಾರಿ ಚೀಲ ತಾನೇ ಕಚ್ಕಂಡು ತಂದ ಕಣವ್ವ, ಒಂದು ಟೊಮೇಟೊ ಒಡೀಲಿಲ್ಲ."

ಗಡುವು ಮುಗಿದ ದಿನ ಬರಗೇರಮ್ಮ ಬಸ್ಸಿನಲ್ಲಿ ಹೊಳಲ್ಕೆರೆಗೆ ಹೋದರು. ಬಾಗಿಲಲ್ಲೇ ನಿಂತು ನೋಡಿದರು. ಊಟದ ಹೊತ್ತು. ಅಡುಗೆಮನೆಯ ಹೊಸ್ತಿಲಿನ ಆಚೆ ಸುಲ್ತಾನ ನೆಟ್ಟಗೆ ಕೂತಿದ್ದಾನೆ. ತಟ್ಟೆ ಮುಂದೆ ಬಂತು, ಅವನು ಅಲುಗಲಿಲ್ಲ. ಮುದ್ದೆ ಬಿತ್ತು, ಜೊಲ್ಲು ಸುರಿಯಿತು, ಅಲುಗಲಿಲ್ಲ. ಹನುಮಮ್ಮ ಎಲ್ಲರ ತಟ್ಟೆಯನ್ನೂ ಒಮ್ಮೆ ನೋಡಿ, "ಎಲ್ರಿಗೂ ಬಂತಾ? ಊಂ, ಉಣ್ರಿ" ಅಂದ ಮೇಲೆ ಬಾಯಿ ಹಾಕಿದ. ಉಂಡವನು ಹೋಗಿ ಅವರ ಮಂಚದ ಕೆಳಗೆ ಮಲಗಿದ.

ಬರಗೇರಮ್ಮ ಒಳಗೆ ಬಂದು, ನೀರು ಕುಡಿದು, ಕೇಳಬೇಕಾದ್ದನ್ನು ಕೇಳಿದರು. "ಅಮ್ಮ, ಬೇಕೋ, ಬ್ಯಾಡವೋ? ಬ್ಯಾಡ ಅಂದ್ರೆ ಈಗ್ಲೇ ಕರ್ಕಂಡು ಹೋಗ್ತೀನಿ."

ಹನುಮಮ್ಮ ಸೌಟು ಕೈಯಲ್ಲಿ ಹಿಡಿದೇ ತಿರುಗಿದರು. "ಮುಟ್ಟು ನೋಡಾಣ! ಅಷ್ಟು ಕಷ್ಟಪಟ್ಟು ಬುದ್ಧಿ ಕಲಿಸಿರೋದು ನಾನು, ಕರ್ಕಂಡು ಹೋಗೋಕೆ ಬಂದ್ಬಿಟ್ಲು ಇವ್ಳು! ಕುಂತ್ಕ ಸುಮ್ನೆ, ಉಣ್ಣು."

ಮೋನಿಕಾ ಖುಷಿಗೆ ಕೂಗಿದ್ದು ಎಷ್ಟು ಜೋರಾಗಿತ್ತೆಂದರೆ ಸುಲ್ತಾನ ಎದ್ದು ಬಂದು ಎಲ್ಲರ ಮುಖ ನೋಡಿದನಂತೆ. ಹನುಮಮ್ಮ ಅವನನ್ನು ಗದರಿಸಿ ಮತ್ತೆ ಮಲಗಿಸಿದರು. ಬರಗೇರಮ್ಮ ಎರಡು ಮುದ್ದೆ ಉಂಡರು.

ಈಗ ಹರಿಯಬ್ಬೆಯಲ್ಲಿ ಬೆಳಗಿನ ಕೆಲಸ ಸ್ವಲ್ಪ ಬದಲಾಗಿದೆ. ಏರಿಯ ಮೇಲಿನ ನಡಿಗೆ ಮುಗಿದ ಮೇಲೆ ಬರಗೇರಮ್ಮ ನಾಯಿಗಳನ್ನು ಸಾಲಾಗಿ ಕೂರಿಸುತ್ತಾರೆ. ಕಾಯಲು ಕಲಿಸುತ್ತಾರೆ, ಬಚ್ಚಿಟ್ಟಿದ್ದನ್ನು ಹುಡುಕಿ ತರಲು ಕಲಿಸುತ್ತಾರೆ. ಮಂಡಿನೋವಿನವರು ಬಂದರೆ ಬೇಡ ಎಂದು ಕಳಿಸುವ ಮುಂಚೆ ಒಂದು ಕುರ್ಚಿ ಹಾಕುತ್ತಾರೆ. ಮಂದೆಯಲ್ಲಿ ಮರಿಗಳು ಹುಟ್ಟಿವೆ, ಮಾರಣ್ಣನ ಮುಖದಲ್ಲಿ ನಗುವಿದೆ. "ಅವನಿದ್ದಿದ್ರೆ ಈ ಮರಿಗಳನ್ನೂ ಸಾಲಿಗೆ ಕೂರಿಸ್ತಿದ್ದ" ಎಂದು ಈಗ ಅವರೇ ನೆನೆಸಿಕೊಳ್ಳುತ್ತಾರೆ. ಏನಾದರೂ ಆಸೆ ಇದೆಯಾ ಎಂದರೆ ಬರಗೇರಮ್ಮ ರೊಪ್ಪದ ಪಕ್ಕ ಒಂದು ತಗಡಿನ ಚಪ್ಪರ ಬೇಕು ಅನ್ನುತ್ತಾರೆ. ಬೇಸಿಗೆಯಲ್ಲಿ ಬಂದ ಜನಕ್ಕೂ ನಾಯಿಗೂ ನೆರಳಾಗಲಿ ಎಂದು. ಅಷ್ಟೇ.

ಅವತ್ತು ಹೊಳಲ್ಕೆರೆಯಿಂದ ಹೊರಟ ಬಸ್ಸಿನಲ್ಲಿ ನಡೆದದ್ದನ್ನು ಮಾತ್ರ ಅವರು ಕೇಳದೆಯೇ ಹೇಳುತ್ತಾರೆ. ಬಸ್ಸು ತುಂಬಿತ್ತು. ಯತ್ತಪ್ಪನ ಫೋನು ಬಂತು. ಗದ್ದಲದಲ್ಲಿ ಕೇಳಿಸಲಿಲ್ಲ, ಎದ್ದು ನಿಂತು, ಕಂಬಿ ಹಿಡಿದು, ಒಂದು ಕಿವಿ ಮುಚ್ಚಿಕೊಂಡು ಕೂಗಿದರು.

"ಏನು? ನಾಯಿನಾ? ಇಲ್ಲ ಕಣ್ರಿ ಯತ್ತಪ್ಪಾರೆ, ಇನ್ನು ಸಿಗಲ್ಲ. ಎಲ್ಲಿಗೆ ಹೋದ ಅಂದ್ರಾ? ಮನೆಗೆ ಹೋದ ಕಣ್ರಿ, ಅವನ ಮನೆಗೆ!"

ಬಸ್ಸಿನವರೆಲ್ಲ ತಿರುಗಿ ನೋಡಿದರಂತೆ. ನೋಡಲಿ ಎಂದು ಬರಗೇರಮ್ಮ ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದರು.